ಹಂದಿಗೆ ಈಡು ತಾಗಿದ್ರೂ ಓಡಿತು, ಗುಂಡು ಯಾವುದು ಆಗ್ಬೇಕಿತ್ತು?

ಪೆರ್ಲದ ಕೃಷಿಕ:
ನಮ್ಮದು ಅಡಿಕೆ ತೋಟ, ಬಾಳೆ ಮರಗೆಣಸು ಒಂದನ್ನೂ ಹಂದಿ ಬಿಡುದಿಲ್ಲ. 2022ರಲ್ಲಿ ಕೇರಳ ಸರಕಾರ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟಿತಲ್ಲ, ಹಾಗೆ ಅರ್ಜಿ ಹಾಕಿ ಲೈಸನ್ಸ್ ಕೋವಿಯವರನ್ನು ಕರೆಸಿದ್ದು. ದೊಡ್ಡ ಗಂಡು ಹಂದಿ, ಎಲ್‌ಜಿ ತೋಟೆ, ದೂರ 40 ಮೀಟರ್ ಇರ್ಬಹುದು, ತಾಗಿದ್ದು ನಾನೇ ಕಂಡೆ, ಆದ್ರೂ ಓಡಿತು. ಮರುದಿನ ಮಧ್ಯಾಹ್ನ ತೋಡಿನ ಬದಿ ಸತ್ತು ಬಿದ್ದಿತ್ತು. ಹೂಳುವ ಮೊದಲು ಭುಜಕ್ಕೆ ಕತ್ತಿ ಹಾಕಿ ನೋಡಿದ್ರೆ ಒಂದು ಗುಂಡು ಚರ್ಮದ ಅಡಿಯಲ್ಲೇ ಚಪ್ಪಟೆಯಾಗಿ ಕೂತಿದೆ, ಪುಳಿಂಕೊಟೆ (ಹುಣಸೆ ಬೀಜ) ಹಾಗೆ. ಬೆಳೆ ಹಾಳಾದ ಸಿಟ್ಟು ಉಂಟು, ಆದ್ರೆ ಅದು ಇಡೀ ರಾತ್ರಿ ನರಳಿದ್ದು ನೆನೆಸಿದ್ರೆ ನಿದ್ದೆ ಬರುದಿಲ್ಲ. ತಪ್ಪು ಎಲ್ಲಿ ಆದದ್ದು?

ಮುಳ್ಳೇರಿಯದ ಮಾಜಿ ಸೈನಿಕ:
ಎಲ್‌ಜಿ ಅಂದ್ರೆ ಒಂದೇ ತೋಟೆಯಲ್ಲಿ ಹಲವು ಉರುಟು ಸೀಸದ ಗುಂಡು ಮಾರಾಯ್ರೆ, 9 ಮಿ.ಮೀ. ಆಸುಪಾಸು, ದೂರ ಹೋದ ಹಾಗೆ ಹರಡ್ತದೆ, ವೇಗವೂ ಬೇಗ ಇಳೀತದೆ. ಗಂಡು ಹಂದಿಯ ಭುಜದಲ್ಲಿ ಚರ್ಮದಡಿ ಗುರಾಣಿ ಹಾಗಿನ ದಪ್ಪ ಪದರ ಉಂಟು, 40 ಮೀಟರಿಗೆ ಅದು ದಾಟುವ ಭರವಸೆ ಇಲ್ಲ. ಎಲ್‌ಜಿ ಆದ್ರೆ 20 ಮೀಟರ್ ಒಳಗೆ, ಇಲ್ಲದಿದ್ರೆ ಒಂಟಿ ಗುಂಡಿನ ಸ್ಲಗ್.
ರೈಫಲ್ ಇರುವವರು ಮಿಲಿಟ್ರಿ ಮಾದರಿಯ ಪೂರ್ತಿ ಲೋಹದ ಕವಚದ ಗುಂಡು ಹಾಕ್ಬೇಡಿ. 1899ರ ಹೇಗ್ ಘೋಷಣೆಯಲ್ಲಿ ಮೈಯೊಳಗೆ ಹೋಗಿ ಅರಳುವ ಗುಂಡು ಯುದ್ಧಕ್ಕೆ ಬೇಡ ಅಂತ ಆದದ್ದು, ಬೇಟೆಯಲ್ಲಿ ಅದಕ್ಕೆ ಉಲ್ಟಾ. ಕವಚದ್ದು ಸಣ್ಣ ತೂತು ಮಾಡಿ ಆಚೆ ಹೋದ್ರೆ ಪ್ರಾಣಿ ಗುಡ್ಡೆ ದಾಟ್ತದೆ. ಮೂತಿಯಲ್ಲಿ ಸೀಸ ಕಾಣುವ ಸಾಫ್ಟ್ ನೋಸ್ ಒಳಗೆ ಅಣಬೆ ಹಾಗೆ ಅರಳಿ ಶ್ವಾಸಕೋಶ ಹರಿದು ಹಾಕ್ತದೆ. .315 ಇಂಚು ಕ್ಯಾಲಿಬರಿನ (ನಳಿಗೆಯ ಒಳ ಅಗಲ) ರೈಫಲಿನ ಸಾಫ್ಟ್ ನೋಸ್ 244 ಗ್ರೇನ್, 16 ಗ್ರಾಂ ಹತ್ರ, ಹಂದಿಗೆ ಧಾರಾಳ.

ಹೊಸೂರಿನವ:
ಒಂದು ಮಾತು ಸೇರಿಸ್ತೀನಿ ಸರ್, ಅರಳೋದೂ ಹದವಾಗಿರ್ಬೇಕು. ಮೆತ್ತನೆ ಗುಂಡು ಜೋರು ವೇಗದಲ್ಲಿ ಹತ್ತಿರದಿಂದ ದಪ್ಪ ಎಲುಬಿಗೆ ತಗುಲಿದ್ರೆ ಮೇಲ್ಗಡೆಯೇ ಚೂರಾಗುತ್ತೆ, ಅದಕ್ಕೇ ಈಗ ಸೀಸ ತಾಮ್ರ ಬೆಸೆದಿರೋ ಬಾಂಡೆಡ್ಡು, ಬರೀ ತಾಮ್ರದ್ದು ಎಲ್ಲಾ ಬಂದಿರೋದು. ಜಿಂಕೆ ಜಾತಿಗೆ ಬೇಗ ಅರಳೋದು ಸಾಕು, ಆಫ್ರಿಕಾದಲ್ಲಿ ಕಾಡೆಮ್ಮೆಗೆ .375ರಲ್ಲಿ 300 ಗ್ರೇನ್ ಹಾಕ್ತಾರೆ, ಆನೆಗಂತೂ ಅರಳದೇ ಇರೋ ಸಾಲಿಡ್ಡೇ. ನಮ್ಮ ಡೆಂಕಣಿಕೋಟೆ ಕಾಡಲ್ಲಿ ಓಡಾಡಿದ ಬೇಟೆಗಾರ ಕೆನೆತ್ ಆಂಡರ್ಸನ್ ಹತ್ರ ಇದ್ದದ್ದು .405 ವಿಂಚೆಸ್ಟರ್, ನರಭಕ್ಷಕ ಹುಲಿ ಬೇಟೆಗೆ ಹೆಸರಾದ ಜಿಮ್ ಕಾರ್ಬೆಟ್ ಹತ್ರ ಅದಕ್ಕಿಂತ ಸಣ್ಣ .275 ರಿಗ್ಬಿ. ಕ್ಯಾಲಿಬರ್ ಒಂದರಿಂದಲೇ ಆಗಲ್ಲ, ಗುಂಡು ಎಲ್ಲಿ ಹೋಗಿ ಏನು ಮಾಡುತ್ತೆ ಅನ್ನೋದು ಮುಖ್ಯ.

ಮುಳ್ಳೇರಿಯದ ಮಾಜಿ ಸೈನಿಕ:
ಅದು ಸರಿ. ಮತ್ತೆ ಸ್ಲಗ್ ಆಗಲಿ ರೈಫಲ್ ಆಗಲಿ ತುಂಬ ದೂರ ಹೋಗ್ತದೆ, ನಮ್ಮಲ್ಲಿ ತೋಟದ ಆಚೆ ಮನೆ, ಅಟ್ಟಣಿಗೆಯಿಂದ ಕೆಳಗೆ ಹೊಡೆದ್ರೆ ಮಾತ್ರ ತಪ್ಪಿದ ಗುಂಡು ಮಣ್ಣಿಗೆ ಹೋಗುದು.

ಪೆರ್ಲದ ಕೃಷಿಕ:
ಉಪಕಾರ ಆಯ್ತು. ತೋಡಿನ ಬದಿ ಹಲಸಿನ ಮರ ಉಂಟು, ಹಂದಿ ದಾರಿಗೆ ಅಲ್ಲಿಂದ 15 ಮೀಟರ್. ಈ ವಾರವೇ ಅಟ್ಟಣಿಗೆ ಕಟ್ಟಿಸ್ತೇನೆ.