ಹಳೇ ಫೋರ್ ವೀಲ್ ಪಿಕಪ್‌ಗೆ ಯಾವ ಎಂಜಿನ್, ಯಾವ ಕ್ರೌನ್-ಪಿನಿಯನ್?

ಗುಡಿಬಂಡೆ_ಲೋಡ್

ಎಲ್ಲರಿಗೂ ನಮಸ್ಕಾರ. ಗಾಡಿ ಲಾಂಗ್ ಚಾಸಿಸ್ ಹಳೇ ಮಹೀಂದ್ರ, ಹಿಂದೆ ಪಿಕಪ್ ಬಾಡಿ, ಫೋರ್ ವೀಲ್ ಡ್ರೈವ್. ಎಂಜಿನ್ ಪೆಜೊ ಎಕ್ಸ್‌ಡಿಪಿ 4.90, ನಾಲ್ಕು ಗೇರ್. ಟೈರ್ 235/75 ಆರ್15. ಗುಡ್ಡದ ಬುಡದ ತೋಟದಿಂದ 40 ಕ್ರೇಟ್ ಟೊಮೆಟೊ, ಅಂದ್ರೆ 600 ಕೆಜಿ ಲೋಡು. ಬಂಡೆ-ಜಲ್ಲಿ ದಾರಿ, ಮಳೆಗಾಲದಲ್ಲಿ ಕೆರೆ ಅಂಗಳದ ಜೇಡಿ, ಆಮೇಲೆ ಪೆರೇಸಂದ್ರದಲ್ಲಿ ಎನ್‌ಎಚ್ 44 ಹತ್ತಿ ಚಿಕ್ಕಬಳ್ಳಾಪುರ ಮಾರ್ಕೆಟ್.

ಈಗ ಬ್ರೀದರ್‌ನಲ್ಲಿ (ಎಂಜಿನ್ ಒಳಗಿನ ಗಾಳಿ ಹೊರಬಿಡೋ ಪೈಪು) ಹೊಗೆ, ಬೆಳಿಗ್ಗೆ ಸ್ಟಾರ್ಟ್ ಕಷ್ಟ, ರೇಡಿಯೇಟರ್ ನೀರೂ ಕಮ್ಮಿ ಆಗ್ತಿದೆ. ಒಬ್ಬರು ಇದನ್ನೇ ಬೋರ್ ಮಾಡಿಸಿ ಅಂತಾರೆ, ಇನ್ನೊಬ್ಬರು ಮಹೀಂದ್ರದ್ದೇ ಎಂಡಿಐ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿ ಅಂತಾರೆ, ಮೂರನೆಯವರು ಕಂಪ್ಯೂಟರ್ ಹಿಡಿತದಲ್ಲಿ ಓಡೋ ಹೊಸ ಕಾಮನ್ ರೈಲ್ ಎಂಜಿನ್ನೇ ಹಾಕಿ ಅಂತಾರೆ. ಗುಜರಿಯಲ್ಲಿ 5.38ರ ಹೌಸಿಂಗ್ (ಒಳಗೆ ಕ್ರೌನ್-ಪಿನಿಯನ್ ಗೇರ್ ಇರೋ ಆಕ್ಸಲ್) ಒಂದು ಜೊತೆ ಸಿಗುತ್ತಂತೆ, ಅದನ್ನೂ ಹಾಕಿಬಿಡಲಾ? ಏರಿನಲ್ಲಿ ಕ್ಲಚ್ ವಾಸನೆ ಬರಬಾರದು, ಹೈವೇಲಿ 70 ಆದ್ರೂ ಆರಾಮಾಗಿ ಹೋಗಬೇಕು.

ಕ್ರೌನ್‌ಪಿನಿಯನ್_ಚಿಂತಾಮಣಿ

ಅಣ್ಣ, ಎಂಜಿನ್ ಮಾತು ಆಮೇಲೆ. ಈಗಿರೋ ಹೌಸಿಂಗ್ ಎಷ್ಟರದು, ಅಂದ್ರೆ ಎರಡೂ ಚಕ್ರ ಒಂದು ಸುತ್ತು ಬರೋಕೆ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಕಡೆಯಿಂದ ಆಕ್ಸಲ್‌ಗೆ ಬರೋ ಉದ್ದ ಶಾಫ್ಟ್) ಎಷ್ಟು ಸುತ್ತು ತಿರುಗುತ್ತೆ ಅಂತ ಗೊತ್ತಿಲ್ಲದೆ ಎಂಜಿನ್ ಆರಿಸಿದ್ರೆ ಎರಡು ಸಲ ದುಡ್ಡು ಹಾಕ್ಬೇಕಾಗುತ್ತೆ.

ಗೇರ್ ನ್ಯೂಟ್ರಲ್‌ಗೆ ಹಾಕಿ, ಮೂರೂ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರ ಜಾಕ್‌ನಲ್ಲಿ ಎತ್ತಿ. ಟೈರ್ ಮೇಲೂ ಪ್ರೊಪೆಲ್ಲರ್ ಶಾಫ್ಟ್ ಮೇಲೂ ಚಾಕ್‌ಪೀಸ್ ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನ ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ಬಂತು ಎಣಿಸಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರೋದ್ರಿಂದ ಎರಡು ಸುತ್ತು ಬೇಕು, ಒಂದೇ ಸುತ್ತಿಗೆ ಎಣಿಸಿದ್ರೆ ಅರ್ಧ ಲೆಕ್ಕ ಬರುತ್ತೆ. ನಾಲ್ಕೂ ಕಾಲು ಸುತ್ತು ಬಂದ್ರೆ 4.27, ಐದಕ್ಕೆ ಒಂಚೂರು ಕಮ್ಮಿ ಬಂದ್ರೆ 4.88, ಐದೂ ಕಾಲು ದಾಟಿದ್ರೆ 5.38. ಹೌಸಿಂಗ್ ಬಿಚ್ಚಿದ್ರೆ ಹಲ್ಲು ಎಣಿಸಿ ಖಾತ್ರಿ ಮಾಡ್ಕೊಳ್ಳಿ: 47ಕ್ಕೆ 11, 39ಕ್ಕೆ 8, 43ಕ್ಕೆ 8.

ನಿಮ್ಮ ಟೈರ್ ಎತ್ತರ 733 ಮಿ.ಮೀ. ಲೋಡಿನಲ್ಲಿ ಒಂದು ಸುತ್ತಿಗೆ ಹತ್ತಿರ ಹತ್ತಿರ 2.25 ಮೀಟರ್ ಹೋಗುತ್ತೆ. ಟಾಪ್ ಗೇರ್ 1:1 ಇರೋ ನಾಲ್ಕು ಗೇರ್ ಬಾಕ್ಸಲ್ಲಿ ಗಂಟೆಗೆ 60 ಕಿ.ಮೀ.ಗೆ ಎಂಜಿನ್ ನಿಮಿಷಕ್ಕೆ 5.38ರಲ್ಲಿ ಸುಮಾರು 2390, 4.88ರಲ್ಲಿ 2170, 4.27ರಲ್ಲಿ 1900, 3.73ರಲ್ಲಿ 1660 ಸುತ್ತು ತಿರುಗುತ್ತೆ. ಟೈರ್ 31 ಇಂಚಿಗೆ ಏರಿಸಿದ್ರೆ ಇದೇ 4.88ರಲ್ಲಿ 2025ಕ್ಕೆ ಇಳಿಯುತ್ತೆ. ಅಂದ್ರೆ ದೊಡ್ಡ ಟೈರ್ ಹಾಕೋದೂ ಗೇರಿಂಗ್ ಬದಲಾಯಿಸಿದ ಹಾಗೇನೇ. ಟೈರ್ ಮೊದಲು ತೀರ್ಮಾನ ಮಾಡಿ.

5.38 ಅಗ್ಗಕ್ಕೆ ಸಿಗುತ್ತೆ ಅಂತ ಹಾಕಬೇಡಿ. ಹೈವೇಲಿ 70ಕ್ಕೆ 2800 ಸುತ್ತು ಬೇಕಾಗುತ್ತೆ. ಇನ್ನೊಂದು, ಹಾಕೋದಾದ್ರೆ ಹಿಂದೆ-ಮುಂದೆ ಎರಡೂ ಒಂದೇ ಇರಲೇಬೇಕು. ಬೇರೆ ಬೇರೆ ಇದ್ದು ಫೋರ್ ವೀಲ್ ಹಾಕಿದ್ರೆ ಎರಡು ಶಾಫ್ಟೂ ಒಂದಕ್ಕೊಂದು ಎಳೆದಾಡಿ, ಜಾಯಿಂಟ್ ಇಲ್ಲವೇ ಟ್ರಾನ್ಸ್‌ಫರ್ ಕೇಸ್ (ಹಿಂದೆ-ಮುಂದೆ ಎರಡು ಶಾಫ್ಟಿಗೂ ಎಳೆತ ಹಂಚೋ ಗೇರ್ ಡಬ್ಬ) ಹಲ್ಲು ಮುರಿಯುತ್ತೆ. ಜೊತೆ ಅಂತ ಕೊಟ್ರೂ ಮುಂದಿನದನ್ನ ಬೇರೆಯಾಗಿ ಎಣಿಸಿ.

ಡೀಸೆಲ್_ಗೌರಿಬಿದನೂರು

ಎಂಜಿನ್ ವಿಷಯ ನಾನು ಹೇಳ್ತೀನಿ. ಎಕ್ಸ್‌ಡಿಪಿ 90 ಮಿ.ಮೀ. ಬೋರ್, 83 ಮಿ.ಮೀ. ಸ್ಟ್ರೋಕ್, 2112 ಸಿಸಿ. ಸ್ಟ್ರೋಕ್ ಗಿಡ್ಡ, ಸುತ್ತು ಜಾಸ್ತಿ ತಿರುಗಿಸಿದ್ರೇನೇ ಎಳೆಯೋದು. ಎಂಡಿಐ 88.9ಕ್ಕೆ 101.6, 2523 ಸಿಸಿ. ಸ್ಟ್ರೋಕ್ ಉದ್ದ, ಡೈರೆಕ್ಟ್ ಇಂಜೆಕ್ಷನ್. ಕಡಿಮೆ ಸುತ್ತಿನಲ್ಲೇ ಎಳೆತ ಸಿಗುತ್ತೆ, ಆದ್ರೆ ಮೇಲಕ್ಕೆ ತಿರುಗಿಸೋಕೆ ಹೋದ್ರೆ ಬರೀ ಸದ್ದು, ನಡುಕ. ಅದಕ್ಕೇ ಎಕ್ಸ್‌ಡಿಪಿಗೆ 4.88 ಒಪ್ಪುತ್ತೆ, ನಾಲ್ಕು ಗೇರಿನ ಎಂಡಿಐಗೆ 4.27 ಒಪ್ಪುತ್ತೆ. ಎಂಡಿಐ ತಂದು 5.38ರ ಮುಂದೆ ಕೂರಿಸಿದ್ರೆ ಅದರ ಒಳ್ಳೇ ಗುಣವೆಲ್ಲ ವ್ಯರ್ಥ.

ಬದಲಾಯಿಸೋ ಮೊದಲು ಈಗಿನದು ನಿಜಕ್ಕೂ ಮುಗಿದಿದೆಯಾ ನೋಡಿ. ಸ್ಟಾರ್ಟ್ ಕಷ್ಟಕ್ಕೆ ಹೀಟರ್ ಪ್ಲಗ್ ಸತ್ತಿರೋದೇ ಸಾಕು. ನಾಲ್ಕನ್ನೂ ಸೇರಿಸಿರೋ ಪಟ್ಟಿ ಬಿಚ್ಚಿ, ಬ್ಯಾಟರಿ ಪ್ಲಸ್‌ನಿಂದ ಟೆಸ್ಟ್ ಲ್ಯಾಂಪ್ ತಂದು ಒಂದೊಂದೇ ಪ್ಲಗ್ ತಲೆಗೆ ಮುಟ್ಟಿಸಿ. ಲೈಟ್ ಹತ್ತದ್ದು ಸತ್ತಿದೆ. ನೀರು ಕಮ್ಮಿ ಆಗೋದಕ್ಕೆ, ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಬಿಡದೆ ಗುಳ್ಳೆ ಬಂದ್ರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ಬ್ರೀದರ್ ಹೊಗೆ ಬಿಸಿಯಾದ ಮೇಲೂ ದಪ್ಪವಾಗಿ, ತಳ್ಳಿಕೊಂಡು ಬಂದ್ರೆ ಮಾತ್ರ ಲೈನರ್-ಪಿಸ್ಟನ್ ಕೆಲಸ. ಇದರದು ವೆಟ್ ಲೈನರ್, ಅಂದ್ರೆ ಪಿಸ್ಟನ್ ಓಡೋ ಕೊಳವೆ ಬೇರೆಯಾಗಿ ಕೂತು ಅದರ ಹೊರಗಡೆ ಕೂಲಿಂಗ್ ನೀರು ಇರುತ್ತೆ. ಹೊಸ ಕಿಟ್ ಹಾಕುವಾಗ ಬ್ಲಾಕ್‌ನಲ್ಲಿ ಲೈನರ್ ಕೂರೋ ಮೆಟ್ಟಿಲು ಕೆರೆದು ಕ್ಲೀನ್ ಮಾಡಿ, ನಾಲ್ಕೂ ಲೈನರ್ ಬ್ಲಾಕಿಗಿಂತ ಒಂದೇ ಸಮ ಮೇಲಕ್ಕೆ ಬಂದಿದೆಯಾ ಅಂತ ಡಯಲ್ ಗೇಜ್‌ನಲ್ಲಿ ನೋಡಬೇಕು. ಒಂದು ತಗ್ಗಿದ್ರೂ ಅಲ್ಲೇ ಗ್ಯಾಸ್ಕೆಟ್ ಮತ್ತೆ ಹೋಗುತ್ತೆ. ಈ ಅಳತೆ ತೆಗೆಯದ ಕಡೆ ಎಂಜಿನ್ ಕೊಡಲೇಬೇಡಿ.

ಕಾಮನ್ ರೈಲ್ ನಿಮ್ಮ ಕೆಲಸಕ್ಕೆ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎಂಜಿನ್ ಜೊತೆಗೆ ಇಸಿಯು (ಎಂಜಿನ್ ಕಂಪ್ಯೂಟರ್), ಪೂರ್ತಿ ವೈರಿಂಗ್, ಆಕ್ಸಿಲರೇಟರ್ ಪೆಡಲ್, ಸೆನ್ಸರ್‌ಗಳು, ಎಲ್ಲವೂ ಒಂದೇ ಗಾಡಿಯದು ಬರಬೇಕು. ಕ್ಯಾನ್‌ನಲ್ಲಿ ತುಂಬಿದ ಡೀಸೆಲ್ ಜೊತೆ ಚೂರು ನೀರು ಹೋದ್ರೂ ಇಂಜೆಕ್ಟರ್ ಹಾಳು. ಜೇಡಿಯಲ್ಲಿ ಕನೆಕ್ಟರ್ ನೆನೆದ್ರೆ ತೋಟದಲ್ಲೇ ನಿಲ್ಲುತ್ತೆ, ಅಲ್ಲಿಗೆ ಸ್ಕ್ಯಾನರ್ ಯಾರೂ ತರಲ್ಲ.

ಗುಡಿಬಂಡೆ_ಲೋಡ್

ಎಣಿಸಿದೆ. ಹಿಂದೆ-ಮುಂದೆ ಎರಡೂ ಐದಕ್ಕೆ ಒಂಚೂರು ಕಮ್ಮಿ, ಅಂದ್ರೆ 4.88. ಪ್ಲಗ್ ಎರಡು ಸತ್ತಿವೆ, ಗುಳ್ಳೆನೂ ಬರ್ತಿದೆ, ಬ್ರೀದರ್ ಹೊಗೆ ಬಿಸಿಯಲ್ಲೂ ದಪ್ಪ ಇದೆ. ಎಂಡಿಐ ಜೊತೆ ಐದು ಗೇರ್ ಬಾಕ್ಸೂ ಸಿಗುತ್ತೆ. ಆಗ 4.27 ಮಾಡಿಸಬೇಕಾ?

ಕ್ರೌನ್‌ಪಿನಿಯನ್_ಚಿಂತಾಮಣಿ

ಬೇಡ. ಐದು ಗೇರ್ ಸಿಗೋದಾದ್ರೆ ಹೌಸಿಂಗ್ ಮುಟ್ಟಲೇಬೇಡಿ, 4.88 ಹಾಗೇ ಇರಲಿ. ಐದನೇ ಗೇರ್ 0.8 ಇದ್ರೆ ಗಂಟೆಗೆ 60ಕ್ಕೆ 1735, 75ಕ್ಕೆ 2170 ಸುತ್ತು. ಎಂಡಿಐಗೆ ಇದು ಹೇಳಿ ಮಾಡಿಸಿದ ಜಾಗ.

ಏರಿನ ಲೆಕ್ಕ ಬೇರೆ. ಫಸ್ಟ್ ಗೇರ್ 4, ಹಳೇ ಟ್ರಾನ್ಸ್‌ಫರ್ ಕೇಸ್‌ನ ಲೋ (ಏರಿಗೆ ಹಾಕೋ ನಿಧಾನದ ಗೇರ್) 2.46, ಹೌಸಿಂಗ್ 4.88, ಗುಣಿಸಿದ್ರೆ 48. ಐಡಲ್ 800 ಸುತ್ತಿನಲ್ಲಿ ಗಾಡಿ ಗಂಟೆಗೆ 2.25 ಕಿ.ಮೀ. ತೆವಳುತ್ತೆ. 5.38 ಹಾಕಿದ್ರೆ 2.04ಕ್ಕೆ ಇಳಿಯುತ್ತೆ, ಅಷ್ಟೇ. ಅಷ್ಟಕ್ಕೆ ಎರಡು ಹೌಸಿಂಗ್ ಬಿಚ್ಚೋದು ದಂಡ. ಕ್ಲಚ್ ವಾಸನೆ ಬರೋದು ಏರಿನಲ್ಲಿ ಹೈನಲ್ಲೇ ಒದ್ದಾಡೋದ್ರಿಂದ. ಬಂಡೆ ದಾರಿ ಶುರುವಾಗೋ ಮೊದಲೇ ನಿಲ್ಲಿಸಿ ಲೋಗೆ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಹತ್ತಿಸಿ.

ಡೀಸೆಲ್_ಗೌರಿಬಿದನೂರು

ಹಾಗಾದ್ರೆ ಎಂಡಿಐ ಸರಿ. ಕೂರಿಸುವಾಗ ಕೆಡೋದು ಎಲ್ಲಿ ಅಂತ ಕೇಳಿಸ್ಕೊಳ್ಳಿ. ಎಂಜಿನ್, ಫ್ಲೈವೀಲ್, ಬೆಲ್ ಹೌಸಿಂಗ್, ಗೇರ್ ಬಾಕ್ಸ್, ಕ್ಲಚ್ ಎಲ್ಲ ಒಂದೇ ಗಾಡಿಯ ಸೆಟ್ ತಗೊಳ್ಳಿ. ಬೇರೆ ಬೇರೆ ತಂದು ಅಡಾಪ್ಟರ್ ಪ್ಲೇಟ್ ಮಾಡಿಸಿದ್ರೆ, ಡಯಲ್ ಗೇಜನ್ನ ಫ್ಲೈವೀಲ್ ಮೇಲೆ ಕೂರಿಸಿ ಬೆಲ್ ಹೌಸಿಂಗ್ ತೂತಿನ ಸುತ್ತ ತಿರುಗಿಸಿ ನೋಡಬೇಕು. 0.2 ಮಿ.ಮೀ.ಗಿಂತ ಜಾಸ್ತಿ ಓಡಿದ್ರೆ ಸ್ಪಿಗಾಟ್ ಬೇರಿಂಗ್ (ಗೇರ್ ಬಾಕ್ಸ್ ಶಾಫ್ಟಿನ ತುದಿ ಕೂರೋ ಬೇರಿಂಗ್) ತಿನ್ನುತ್ತೆ, ಗೇರ್ ಜಾರುತ್ತೆ. ಮೆಕ್ಯಾನಿಕ್ ಗೇರ್ ಬಾಕ್ಸ್ ಹಾಳು ಅಂತಾರೆ, ತಪ್ಪು ಇರೋದು ಪ್ಲೇಟಲ್ಲಿ.

ಟ್ರಾನ್ಸ್‌ಫರ್ ಕೇಸ್‌ದು ಮುಖ್ಯ. ನಿಮ್ಮ ಹಳೇದರಲ್ಲಿ ಹಿಂದಿನ ಶಾಫ್ಟ್ ಮಧ್ಯಕ್ಕಿಲ್ಲ, ಪಕ್ಕಕ್ಕಿದೆ, ಹಿಂದಿನ ಹೌಸಿಂಗ್ ಮೂತಿಯೂ ಅದೇ ಪಕ್ಕಕ್ಕೆ. ಮಧ್ಯದಿಂದ ಶಾಫ್ಟ್ ಬರೋ ಕೇಸ್ ತಂದ್ರೆ ಹಿಂದಿನ ಹೌಸಿಂಗೂ ಬದಲಾಗಬೇಕು. ಬಾಕ್ಸ್ ತರೋ ಮೊದಲು ನಿಮ್ಮ ಕೇಸ್ ಅದಕ್ಕೆ ಕೂರುತ್ತಾ, ಒಳಗಿನ ಗೇರ್‌ನ ಸ್ಪ್ಲೈನ್ ಹೊಂದುತ್ತಾ ಅಂತ ಪಕ್ಕದಲ್ಲಿಟ್ಟು ನೋಡಿ. ಬಾಕ್ಸ್ ಉದ್ದವಾದ್ರೆ ಹಿಂದಿನ ಶಾಫ್ಟ್ ಕತ್ತರಿಸಿ, ಮುಂದಿನದನ್ನ ಉದ್ದ ಮಾಡಿ, ಎರಡನ್ನೂ ಬ್ಯಾಲೆನ್ಸ್ ಮಾಡಿಸಬೇಕು. ಚಕ್ರ ಪೂರ್ತಿ ಕೆಳಗೆ ಜೋತಾಗಲೂ ಸ್ಲಿಪ್ ಜಾಯಿಂಟ್ ಸಾಕಷ್ಟು ಒಳಗಿರಬೇಕು.

ಎಂಡಿಐ ತೂಕದ ಎಂಜಿನ್, ಮುಂದಿನ ಸ್ಪ್ರಿಂಗ್ ಪಟ್ಟಿ ಕೂತುಬಿಡುತ್ತೆ. ಸಂಪ್‌ಗೂ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಮುಂದಿನ ಹೌಸಿಂಗ್‌ಗೂ ನಡುವೆ ಜಾಗ ಇದೆಯಾ ಅಂತ ಸ್ಪ್ರಿಂಗ್ ಪೂರ್ತಿ ಒತ್ತಿ ನೋಡಿ. ಬ್ರೇಕ್ ಬೂಸ್ಟರ್ ಇದ್ರೆ ಆಲ್ಟರ್ನೇಟರ್‌ನ ವ್ಯಾಕ್ಯೂಮ್ ಪಂಪ್ ಬರಲೇಬೇಕು.

ಕೆಎ40_ಪೇಪರ್

ಕೆಲಸ ಶುರು ಮಾಡೋ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಮೂಲತಃ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಅನುಮತಿ ಬರವಣಿಗೆಯಲ್ಲಿ ಸಿಕ್ಕ ಮೇಲೆ ಎಂಜಿನ್ ಇಳಿಸಿ. ಕೊಳ್ಳೋ ಸೆಕೆಂಡ್ ಹ್ಯಾಂಡ್ ಎಂಜಿನ್‌ಗೆ ಬಿಲ್ಲು, ಅದು ಬಂದ ಗಾಡಿಯ ಆರ್‌ಸಿ ನಕಲು ಎರಡೂ ಕೇಳಿ. ನಂಬರ್ ಜಾಗ ಉಜ್ಜಿದ್ರೆ, ಮತ್ತೆ ಹೊಡೆದ ಹಾಗಿದ್ರೆ ಎಷ್ಟೇ ಅಗ್ಗವಾದ್ರೂ ಬಿಡಿ. ನಂಬರ್ ಹೊಂದದಿದ್ರೆ ಎಫ್‌ಸಿಯಲ್ಲಿ (ಫಿಟ್‌ನೆಸ್ ತಪಾಸಣೆ) ನಿಲ್ಲುತ್ತೆ, ಅಪಘಾತವಾದ್ರೆ ಇನ್ಶೂರೆನ್ಸ್‌ನವರ ಹತ್ತಿರವೂ ತಕರಾರು. ಅನುಮತಿ ಸಿಗದಿದ್ರೆ ಎಕ್ಸ್‌ಡಿಪಿಗೆ ಹೊಸ ಲೈನರ್-ಪಿಸ್ಟನ್ ಹಾಕಿಸೋದೇ ದಾರಿ, 4.88 ಅದಕ್ಕೂ ಸರಿಯೇ ಇದೆ.

ಗುಡಿಬಂಡೆ_ಲೋಡ್

ಥ್ಯಾಂಕ್ಸ್ ಅಣ್ಣ, ಸೋಮವಾರ ಆರ್‌ಟಿಒ, ಆಮೇಲೆ ಮಿಕ್ಕಿದ್ದು. ಆಯಿಲ್ ಯಾವುದು ಹಾಕಲಿ?

ಕ್ರೌನ್‌ಪಿನಿಯನ್_ಚಿಂತಾಮಣಿ

ಹೌಸಿಂಗ್ ಎರಡಕ್ಕೂ 80ಡಬ್ಲ್ಯೂ-90 ಜಿಎಲ್-5 ಗೇರ್ ಆಯಿಲ್. ಗೇರ್ ಬಾಕ್ಸ್‌ಗೆ ಜಿಎಲ್-4, ಯಾಕಂದ್ರೆ ಸಿಂಕ್ರೊ ರಿಂಗ್ ಹಿತ್ತಾಳೆಯದು. ಆ ಹಳೇ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಒಂದು ಕಾಯಿಲೆ ಇದೆ: ನಡುವಿನ ಸೀಲ್ ಸವೆದ್ರೆ ಗೇರ್ ಬಾಕ್ಸ್ ಆಯಿಲ್ ಕೇಸ್‌ಗೆ ಇಳಿದುಬಿಡುತ್ತೆ. ಕೆಳಗೆ ಒಂದು ಹನಿಯೂ ಬಿದ್ದಿರಲ್ಲ, ಆದ್ರೆ ಬಾಕ್ಸ್ ಒಣಗಿರುತ್ತೆ. ಬಾಕ್ಸ್ ಜೋಡಿಸುವಾಗಲೇ ಆ ಸೀಲ್ ಹೊಸದು ಹಾಕಿ. ಓಡಿಸೋಕೆ ಶುರು ಮಾಡಿದ ಮೇಲೆ ಎರಡರ ಲೆವೆಲ್ ಪ್ಲಗ್ಗೂ ಬಿಚ್ಚಿ ನೋಡಿ. ಕೇಸ್‌ನಿಂದ ಆಯಿಲ್ ತುಂಬಿ ಚೆಲ್ಲಿ, ಬಾಕ್ಸ್‌ನಲ್ಲಿ ಬೆರಳಿಗೆ ಸಿಗದಿದ್ರೆ ಸೀಲ್ ಸರಿಯಾಗಿ ಕೂತಿಲ್ಲ.