ಬೆಂಗಳೂರಿನಿಂದ ಸೈಕಲ್‌ನಲ್ಲಿ ಒಂದು ರಾತ್ರಿ: ಡೇರೆ ಬಿಟ್ಟು ಬಿವ್ವಿ ಚೀಲ ಸಾಕೇ?

ಯಲಹಂಕದ ಪೆಡಲ್:

ನಮಸ್ಕಾರ. ನನ್ನಲ್ಲಿರುವುದು ಮುಂದೆ ಮಾತ್ರ ಸಸ್ಪೆನ್ಷನ್ ಇರುವ, 29 ಇಂಚಿನ ಚಕ್ರದ ಮೌಂಟನ್ ಬೈಕ್. ತೂಕ 14 ಕಿಲೋ. ಇಷ್ಟು ದಿನ ಹೆಸರಘಟ್ಟ, ರಾಜಾನುಕುಂಟೆ ಎಂದು ಬೆಳಗಿನ ಸವಾರಿಯಲ್ಲೇ ತೃಪ್ತನಾಗಿದ್ದೆ. ಈ ಚಳಿಗಾಲದಲ್ಲಿ ಶನಿವಾರ ಮಧ್ಯಾಹ್ನ ಯಲಹಂಕದಿಂದ ಹೊರಟು, ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಸುತ್ತಮುತ್ತ ಎಲ್ಲಾದರೂ ಬಯಲಿನಲ್ಲಿ ರಾತ್ರಿ ಕಳೆದು, ಭಾನುವಾರ ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕೆಂದಿದ್ದೇನೆ.

ಸ್ಕಾಟ್ಲೆಂಡಿನವರ ವಿಡಿಯೊಗಳನ್ನು ನೋಡಿ ತಲೆಗೆ ಹುಳ ಬಿಟ್ಟುಕೊಂಡವನು ನಾನು. ಅವರಲ್ಲಿ ಹಲವರು ಡೇರೆಯನ್ನೇ ಒಯ್ಯುವುದಿಲ್ಲ. ಬಿವ್ವಿ ಚೀಲವೆಂಬ, ನೀರು ತಡೆಯುವ ಗವಸಿನೊಳಗೆ ಹಾಸಿಗೆ ಸಮೇತ ತೂರಿಕೊಂಡು ಗುಡ್ಡದ ನೆತ್ತಿಯಲ್ಲೇ ಮಲಗುತ್ತಾರೆ. ನನ್ನ ಒಟ್ಟು ಬಜೆಟ್ ಹತ್ತು ಸಾವಿರ ರೂಪಾಯಿ. ಆಮದು ಚೀಲ ಕೊಂಡರೆ ಅದರಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಕೊಳ್ಳಬಹುದೇ? ಮಲಗಲು ಎಲ್ಲಿ ಜಾಗ ಹುಡುಕುತ್ತೀರಿ? ಸಾಮಾನು ಕಟ್ಟಲು ಕ್ಯಾರಿಯರ್ ಬೇಕೇ, ಚೀಲಗಳೇ ಸಾಕೇ?

ಜಾಲಿಮುಳ್ಳು:

ಮೊದಲು ಹಣದ ಮಾತು ಮುಗಿಸೋಣ. ಬಿವ್ವಿ ಚೀಲ ಈಗ ಕೊಳ್ಳಬೇಡಿ. ಗಾಳಿ, ಸೋನೆಮಳೆ, ಮೂಳೆ ಕೊರೆಯುವ ಚಳಿ ಇರುವ ಸೀಮೆಗೆ ಅದು ಅಪ್ಪಟ ವಸ್ತು. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿ ನಿಮ್ಮನ್ನು ಕಾಡುವುದು ಸೊಳ್ಳೆ, ಇಬ್ಬನಿ ಮತ್ತು ನೆಲದ ಮೇಲೆ ಹರಿದಾಡುವ ಜೀವಿಗಳು. ಬೆಂಗಳೂರಿನ ಜನವರಿಯ ಸರಾಸರಿ ಕನಿಷ್ಠ ತಾಪಮಾನ 15–16 ಡಿಗ್ರಿಯ ಆಸುಪಾಸು. ನಗರದ ದಾಖಲೆಯ ಚಳಿ ಎಂದರೆ 1884ರ ಜನವರಿ 13ರ 7.8 ಡಿಗ್ರಿ. ಹಳ್ಳಿಯ ಬಯಲಿನಲ್ಲಿ ಇನ್ನೆರಡು ಡಿಗ್ರಿ ಇಳಿದೀತು, ಅಷ್ಟೇ.

ಇಬ್ಬನಿಯ ವಿಷಯದಲ್ಲಿ ಆ ಚೀಲ ನಂಬಿಕೆಗೆ ಅರ್ಹವಲ್ಲ. 'ಉಸಿರಾಡುವ' ಬಟ್ಟೆ ಎಂದು ಮಾರುತ್ತಾರಲ್ಲ, ಅದು ಒಳಗಿನ ತೇವವನ್ನು ಹೊರಗೆ ಬಿಡಬೇಕಾದರೆ ಹೊರಗಿನ ಗಾಳಿ ಒಣಗಿರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕೆರೆಯಂಗಳದ ಗಾಳಿಯಲ್ಲಿ ಆರ್ದ್ರತೆ ನೂರರ ಹತ್ತಿರ ಇರುವಾಗ ತೇವ ಹೋಗುವುದಾದರೂ ಎಲ್ಲಿಗೆ? ನಿಮ್ಮ ಬೆವರು, ನಿಮ್ಮ ಉಸಿರು ಒಳಗೇ ನೀರಾಗಿ ಕೂರುತ್ತದೆ. ಮುಖ ಹೊರಗಿಟ್ಟರೆ ಸೊಳ್ಳೆ, ಒಳಗಿಟ್ಟರೆ ಹಬೆ.

ಅದರ ಬದಲು ಒಬ್ಬರಿಗೆ ಸಾಲುವ ಸೊಳ್ಳೆ ಪರದೆ, ಸುಮಾರು ಮೂರು ಮೀಟರ್ ಉದ್ದ ಎರಡು ಮೀಟರ್ ಅಗಲದ ಹಗುರ ನೈಲಾನ್ ಟಾರ್ಪಾಲು, ಮಡಚುವ ಫೋಮ್ ಚಾಪೆ. ಟಾರ್ಪಾಲಿನ ಒಂದು ತುದಿಗೆ ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲೇ ಕಂಬ, ಇನ್ನೊಂದಕ್ಕೆ ಮರ. ಮೂರೂ ಸೇರಿ ಒಂದೂವರೆ ಕಿಲೋ ಒಳಗೆ ಬರುತ್ತದೆ, ಹತ್ತು ಸಾವಿರದಲ್ಲಿ ಬಹುಪಾಲು ಉಳಿಯುತ್ತದೆ. ಗಾಳಿ ತುಂಬುವ ಚಾಪೆಯ ಆಸೆ ಬೇಡ, ನೆಗ್ಗಿಲ ಮುಳ್ಳಿಗೆ ಅದು ಒಂದು ರಾತ್ರಿಯ ಊಟ. ಹೊದೆಯಲು ಹಳೆಯ ಪಂಚೆಗಳೆರಡನ್ನು ಚೀಲದಂತೆ ಹೊಲಿಸಿ, ಮೇಲೊಂದು ತೆಳುವಾದ ರಜಾಯಿ ಇದ್ದರೆ ಆಯಿತು.

ಪರದೆಯ ಮೇಲೆ ನಾನು ಇಷ್ಟು ಹಟ ಹಿಡಿಯುವುದು ಸೊಳ್ಳೆಗೆ ಮಾತ್ರವಲ್ಲ. ಕಟ್ಟುಹಾವು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನೇ ಅದು ಹೆಚ್ಚಾಗಿ ಕಚ್ಚುವುದು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ನೋವಿಲ್ಲ, ಊತವಿಲ್ಲ; ಕೆಲವು ಗಂಟೆಗಳಾದ ಮೇಲೆ ರೆಪ್ಪೆ ಜೋತುಬೀಳುತ್ತದೆ, ಉಸಿರು ಕಟ್ಟುತ್ತದೆ. ಪರದೆಯ ಅಂಚನ್ನು ಸುತ್ತಲೂ ಚಾಪೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ನೇಪಾಳದ ತರಾಯಿಯಲ್ಲಿ ನಡೆದ ಅಧ್ಯಯನದಲ್ಲೂ ಇದೇ ಕಂಡುಬಂದಿದೆ. ರಾತ್ರಿ ಎದ್ದರೆ ಟಾರ್ಚ್ ಹಾಕದೆ ಕಾಲಿಡಬೇಡಿ. ಶೂಗಳನ್ನು ಪರದೆಯೊಳಗೇ ಇಟ್ಟುಕೊಳ್ಳಿ, ಚೇಳಿಗೆ ಅವು ಬಹಳ ಇಷ್ಟ. ಕಚ್ಚಿದ ಅನುಮಾನ ಬಂದರೂ ಸಾಕು, ಕೊಯ್ಯುವುದು ಕಟ್ಟುವುದು ಏನೂ ಮಾಡದೆ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

ಇನ್ನು ಜಾಗ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯೇ ಜನರಿಗೆ ಬಯಲಿನಲ್ಲಿ ತಂಗುವ ಹಕ್ಕು ಕೊಟ್ಟಿದೆ. ಬೇರೆಯವರ ಜಮೀನಿನಲ್ಲೂ ಜವಾಬ್ದಾರಿಯಿಂದ ನಡೆದುಕೊಂಡರೆ ಮಲಗಬಹುದು. ನಮ್ಮಲ್ಲಿ ಅಂಥ ಹಕ್ಕಿಲ್ಲ. ಮಾಕಳಿದುರ್ಗ, ಸ್ಕಂದಗಿರಿಗಳಿಗೆ ಹಗಲು ಹತ್ತುವುದಕ್ಕೇ ಆನ್‌ಲೈನ್ ಟಿಕೆಟ್ ಬೇಕು. ಅನುಮತಿಯಿಲ್ಲದೆ ಅರಣ್ಯದೊಳಗೆ ರಾತ್ರಿ ಉಳಿಯುವುದು ಅಪರಾಧ. ನಂದಿಯ ಗೇಟಂತೂ ರಾತ್ರಿ ಮುಚ್ಚಿರುತ್ತದೆ. ದಕ್ಷಿಣಕ್ಕೆ ಬನ್ನೇರುಘಟ್ಟ, ಕನಕಪುರದ ಕಡೆ ಆನೆ. ಮಾಗಡಿ, ರಾಮನಗರದ ಬಂಡೆಗಳಲ್ಲಿ ಚಿರತೆ, ಕರಡಿ. ಬೆಟ್ಟದ ನೆತ್ತಿಯ ಚಿತ್ರಗಳನ್ನು ಮರೆತುಬಿಡಿ. ನಿಮ್ಮ ರಾತ್ರಿ ಕಳೆಯಬೇಕಾದದ್ದು ಬೆಟ್ಟದ ಬುಡದ ಹಳ್ಳಿಯಲ್ಲಿ, ಯಾರದೋ ತೋಟದಲ್ಲಿ, ಅವರನ್ನು ಕೇಳಿ.

ಕೇಳುವುದಕ್ಕೊಂದು ಕ್ರಮವಿದೆ. ಕತ್ತಲಾದ ಮೇಲೆ ಹೆಲ್ಮೆಟ್ ದೀಪ ಹಾಕಿಕೊಂಡು ಹೋದವನನ್ನು ಯಾರೂ ನಂಬುವುದಿಲ್ಲ, ನಂಬಬಾರದು ಕೂಡ. ಐದು ಗಂಟೆಗೇ ಊರು ಸೇರಿ ಚಹಾ ಅಂಗಡಿಯಲ್ಲಿ ಕುಳಿತುಕೊಳ್ಳಿ. ಸೈಕಲ್ ಎಷ್ಟು, ಗೇರು ಎಷ್ಟು, ಬೆಂಗಳೂರಿನಿಂದ ತುಳಿದುಕೊಂಡೇ ಬಂದಿರಾ, ಬೈಕು ಇಲ್ಲವೇ, ಮನೆಯಲ್ಲಿ ಏನೂ ಅನ್ನುವುದಿಲ್ಲವೇ, ಇಷ್ಟಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಡಿ. (ಸೈಕಲ್ಲಿನ ಬೆಲೆಯನ್ನು ಮಾತ್ರ ನಾನು ಎಂದೂ ನಿಜ ಹೇಳುವುದಿಲ್ಲ, ಹೆಂಡತಿಗೂ.) ಆಮೇಲೆ "ಒಂದು ರಾತ್ರಿ ಮಲಗಲು ಜಾಗ ಬೇಕಿತ್ತು, ಬೆಂಕಿ ಹಾಕುವುದಿಲ್ಲ, ಕುಡಿಯುವುದಿಲ್ಲ, ಬೆಳಿಗ್ಗೆ ಆರಕ್ಕೆ ಹೊರಡುತ್ತೇನೆ" ಎಂದರೆ ಆ ಅಂಗಡಿಯಲ್ಲೇ ಯಾರಾದರೂ ಒಬ್ಬರು ಫೋನ್ ತೆಗೆಯುತ್ತಾರೆ. ಆಧಾರ್ ಪ್ರತಿ ಜೇಬಿನಲ್ಲಿರಲಿ. ತೋಟದ ಬದಲು ದೇವಸ್ಥಾನದ ಜಗಲಿ ತೋರಿಸಿದರೆ ಮುಖ ಸಪ್ಪಗೆ ಮಾಡಬೇಡಿ, ಮೇಲೆ ಸೂರಿದ್ದರೆ ಇಬ್ಬನಿಯ ಕಾಟವೇ ಇಲ್ಲ.

ಜಾಗ ಆರಿಸುವಾಗ ಕೆರೆಯಂಗಳವೂ ಬೇಡ, ತಗ್ಗೂ ಬೇಡ. ತಣ್ಣಗಿನ ಗಾಳಿ ರಾತ್ರಿ ಇಳಿದು ಅಲ್ಲೇ ನಿಲ್ಲುತ್ತದೆ. ಸ್ವಲ್ಪ ದಿಣ್ಣೆಯ ಮೇಲೆ, ಮರದ ಕೆಳಗೆ ಇಬ್ಬನಿ ಕಡಿಮೆ. ಆದರೆ ಮಾವಿನ ಮರವಾದರೆ ಕತ್ತೆತ್ತಿ ನೋಡಿ. ಎಲೆ ಹೆಣೆದ ಗೂಡು ಕಂಡರೆ ಅದು ಕೆಂಜಿಗದ ಮನೆ. ತೆಂಗಿನ ಮರದ ಕೆಳಗೆ ಯಾಕೆ ಮಲಗಬಾರದೆಂದು ನಾನು ಹೇಳಬೇಕಾಗಿಲ್ಲ.

ಚೀಲಗಳ ಬಗ್ಗೆ ರಾತ್ರಿ ಬರೆಯುತ್ತೇನೆ, ಬ್ಯಾಂಕಿನ ಊಟದ ಬಿಡುವು ಮುಗಿಯಿತು.

ಎರಡು ಗಾಲಿ ಸುಮಾ:

ಜಾಲಿಮುಳ್ಳು ಅವರ ಚಹಾ ಅಂಗಡಿ ಉಪಾಯ ಗಂಡಸರಿಗೆ ಸರಿ. ನಾನು ಮತ್ತು ನನ್ನ ಗೆಳತಿ ಹೋದಾಗ ಅಂಗಡಿಯ ಕಟ್ಟೆಯ ಬದಲು ನೇರವಾಗಿ ಹಾಲಿನ ಡೇರಿಗೆ ಹೋಗುತ್ತೇವೆ. ಸಂಜೆ ಹಾಲು ಹಾಕಲು ಊರಿನ ಹೆಂಗಸರೆಲ್ಲ ಅಲ್ಲಿಗೆ ಬರುತ್ತಾರೆ. ಯಾವ ಮನೆ ಒಳ್ಳೆಯದು, ಯಾವ ತೋಟದ ಕಡೆ ಕುಡಿಯುವವರು ಸೇರುತ್ತಾರೆ ಎಂಬುದು ಅವರಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಬಹಳ ಸಲ ಅಂಗಳದಲ್ಲೇ ಮಲಗಿ ಎನ್ನುತ್ತಾರೆ. ಬಯಲಿನ ಮೋಹಕ್ಕೆ ಅದನ್ನು ಬಿಟ್ಟು ಹೋಗುವ ಪೈಕಿ ನಾವಲ್ಲ. ಹೊರಡುವ ಮುಂಚೆ ಮನೆಗೆ ಲೊಕೇಶನ್ ಕಳುಹಿಸುತ್ತೇವೆ, 112 ಮೊಬೈಲಿನ ಮೊದಲ ಪರದೆಯಲ್ಲೇ ಇರುತ್ತದೆ.

ಪರದೆ, ಟಾರ್ಪಾಲಿನ ಲೆಕ್ಕಕ್ಕೆ ನನ್ನದೊಂದು ತಕರಾರು. ಸೊಳ್ಳೆ ಪರದೆ ಹೊಲಿದೇ ಬರುವ ಬಟ್ಟೆಯ ತೂಗುಮಂಚ (ಹ್ಯಾಮಕ್) ಸಿಗುತ್ತದೆ, ಮುಕ್ಕಾಲು ಕಿಲೋ ಸುಮಾರು. ಮಾವಿನ ತೋಪಿನಲ್ಲಿ ಎರಡು ಗಟ್ಟಿ ಮರ ಸಿಕ್ಕರೆ ನೆಲದ ಗೊಡವೆಯೇ ಇಲ್ಲ, ಕಲ್ಲು ಆರಿಸುವುದೂ ತಪ್ಪುತ್ತದೆ. ಬೆನ್ನಿಗೆ ಕೆಳಗಿನಿಂದ ಗಾಳಿ ತಗಲುತ್ತದೆ, ಆದ್ದರಿಂದ ಫೋಮ್ ಚಾಪೆಯನ್ನು ಅದರೊಳಗೇ ಹಾಸಬೇಕು.

ತೂಬಗೆರೆ ತೋಟದವನು:

ನಾನು ಸೈಕಲ್ ಸವಾರನಲ್ಲ, ಅಣ್ಣನ ಮಗ ಇದನ್ನು ಓದಲು ಕಳುಹಿಸಿದ. ತೋಟದ ಕಡೆಯಿಂದ ಕೆಲವು ಮಾತು.

ಸಾಲುಗಳ ನಡುವೆ ಮಣ್ಣು ಮೆತ್ತಗಿದೆ ಎಂದು ಮಲಗಬೇಡಿ. ನಮಗೆ ತ್ರೀ ಫೇಸ್ ವಿದ್ಯುತ್ ಎಷ್ಟೋ ದಿನ ರಾತ್ರಿಯೇ ಬರುವುದು. ಸ್ಟಾರ್ಟರ್ ಆಟೋಮ್ಯಾಟಿಕ್ ಆಗಿದ್ದರೆ ಮೋಟರ್ ತಾನಾಗಿಯೇ ಶುರುವಾಗಿ ನೀರು ನಿಮ್ಮ ಹಾಸಿಗೆಗೆ ಬರುತ್ತದೆ. ದ್ರಾಕ್ಷಿ ತೋಟದೊಳಗೆ ಹೋಗಲೇಬೇಡಿ, ಔಷಧಿ ಹೊಡೆದಿರುತ್ತೇವೆ. ಹನಿ ನೀರಾವರಿಯ ಪೈಪುಗಳ ಮೇಲೆ ಸೈಕಲ್ ಹತ್ತಿಸಿದರೆ ನಷ್ಟ ನಮ್ಮದು.

ಎಲ್ಲಕ್ಕಿಂತ ಮುಖ್ಯವಾದದ್ದು ಬೇಲಿ. ಕಾಡುಹಂದಿ ಕಾಟಕ್ಕೆ ಕೆಲವರು ತಂತಿಗೆ ನೇರವಾಗಿ ಕರೆಂಟ್ ಕೊಡುತ್ತಾರೆ. ಅದು ಕಾನೂನುಬಾಹಿರ, ಜನರೂ ಸತ್ತಿದ್ದಾರೆ, ಆದರೂ ನಿಂತಿಲ್ಲ. ಗುರುತಿಲ್ಲದ ಹೊಲಕ್ಕೆ ರಾತ್ರಿ ಅಡ್ಡದಾರಿ ಹಿಡಿಯಬೇಡಿ. ರಾಗಿ ಕೊಯ್ಲಿನ ಕಾಲದಲ್ಲಿ ಹೊಲ ಕಾಯುವವರು ಎಚ್ಚರವಾಗಿರುತ್ತಾರೆ; ಹೇಳದೆ ಕೇಳದೆ ಟಾರ್ಚ್ ಆಡಿಸಿಕೊಂಡು ಬಂದವನನ್ನು ಕಳ್ಳ ಎಂದುಕೊಂಡರೆ ಅವರ ತಪ್ಪಲ್ಲ. ಕೇಳಿದರೆ ಪಂಪ್‌ಹೌಸಿನ ಪಕ್ಕ ಜಾಗ ಕೊಡುತ್ತೇವೆ. ದುಡ್ಡು ಬೇಡ. ಪ್ಲಾಸ್ಟಿಕ್ ಬಿಟ್ಟು ಹೋಗದಿದ್ದರೆ ಸಾಕು, ದನ ತಿನ್ನುತ್ತವೆ.

ಯಲಹಂಕದ ಪೆಡಲ್:

ಮೂವರಿಗೂ ಧನ್ಯವಾದ. ಬಿವ್ವಿ ಚೀಲದ ಪುಟ ಮುಚ್ಚಿದ್ದೇನೆ. ಮೋಟರಿನ ಸಂಗತಿ ನನಗೆ ಎಂದೂ ಹೊಳೆಯುತ್ತಿರಲಿಲ್ಲ, ಯಜಮಾನರೇ. ನೀರು, ಊಟ, ಪಂಕ್ಚರ್ ಮತ್ತು ಚೀಲಗಳು ಉಳಿದವು. ಸೀಟಿನ ಹಿಂದೆ ಕಟ್ಟುವ ಉದ್ದದ ಚೀಲ ಕಲ್ಲುದಾರಿಯಲ್ಲಿ ನಾಯಿಬಾಲದಂತೆ ಅಲ್ಲಾಡುತ್ತದೆ ಎಂದು ಕೇಳಿದ್ದೇನೆ.

ಜಾಲಿಮುಳ್ಳು:

ತೂಬಗೆರೆಯವರು ಹೇಳಿದ ಬೇಲಿಯ ಮಾತನ್ನು ನಾನೇ ಮೊದಲು ಬರೆಯಬೇಕಿತ್ತು. ದಯವಿಟ್ಟು ಎರಡು ಸಲ ಓದಿ.

ಊಟಕ್ಕೆ ಒಲೆ ಬೇಡ. ಒಲೆ, ಗ್ಯಾಸು, ಪಾತ್ರೆ ಎಂದು ಒಂದು ಕಿಲೋ ಹೊತ್ತು ಕೊನೆಗೆ ಮಾಡುವುದು ನೂಡಲ್ಸ್. ರಾಗಿ ಹುರಿಹಿಟ್ಟು ಕಾಲು ಕಿಲೋ, ಪುಡಿ ಬೆಲ್ಲ, ಹಳ್ಳಿಯಲ್ಲಿ ಕೊಂಡ ಮೊಸರು: ಕಲಸಿದರೆ ಬೆಳಗಿನ ತಿಂಡಿ ಮುಗಿಯಿತು. ರಾತ್ರಿಗೆ ಮನೆಯ ಚಪಾತಿ, ಚಟ್ನಿಪುಡಿ. ನೀರು ಲೀಟರಿಗೊಂದು ಕಿಲೋ ಎಂಬುದು ನೆನಪಿರಲಿ. ಯಲಹಂಕದಿಂದಲೇ ನಾಲ್ಕು ಲೀಟರ್ ಹೊರುವುದು ವ್ಯರ್ಥ. ಬಹಳಷ್ಟು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ನಾಣ್ಯ ಹಾಕಿದರೆ ನೀರು. ಒಂದು, ಎರಡು, ಐದರ ನಾಣ್ಯಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ಆ ಯಂತ್ರಕ್ಕೆ ಯುಪಿಐ ತಿಳಿಯದು. ಕೊನೆಯ ಊರಿನಲ್ಲಿ ಮಾತ್ರ ಮೂರು ಲೀಟರ್ ತುಂಬಿಸಿ. ಮುಳ್ಳುದಾರಿಗೆ ಟ್ಯೂಬ್‌ಲೆಸ್ ಮಾಡಿಸಿ. ನಮ್ಮ ಕೆರೆ ಏರಿಗಳ ಬಳ್ಳಾರಿ ಜಾಲಿಗೆ ಟ್ಯೂಬು ಎಷ್ಟಿದ್ದರೂ ಸಾಲದು. ತೂತನ್ನು ತಾನೇ ಮುಚ್ಚಲೆಂದು ಆ ಟೈರಿನೊಳಗೆ ಹಾಕುವ ದ್ರವ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗುತ್ತದೆ, ಹೊರಡುವ ವಾರ ಟೈರ್ ಅಲ್ಲಾಡಿಸಿ ಸದ್ದು ಕೇಳಿ. ಆದರೂ ಒಂದು ಟ್ಯೂಬ್ ಒಯ್ಯಿರಿ. ಹಾಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಒಮ್ಮೆ ಸವರಿ, ಮುರಿದ ಮುಳ್ಳಿನ ತುದಿ ಅಲ್ಲೇ ಕುಳಿತಿರುತ್ತದೆ.

ಕ್ಯಾರಿಯರ್ ಬೇಡ. ಕಲ್ಲುದಾರಿಯಲ್ಲಿ ಅದರ ಬೋಲ್ಟುಗಳು ಸಡಿಲವಾಗುತ್ತವೆ, ತೂಕವೆಲ್ಲ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಭಾರವಾದದ್ದು ಫ್ರೇಮಿನ ತ್ರಿಕೋನದೊಳಗೆ, ಹಗುರವಾದದ್ದು ಹ್ಯಾಂಡಲ್ ಮೇಲೆ, ಮೆತ್ತನೆಯದು ಸೀಟಿನ ಹಿಂದೆ. ತ್ರಿಕೋನದ ಚೀಲವನ್ನು ಆಮದು ಮಾಡಿಕೊಳ್ಳುವ ಅಗತ್ಯವಿಲ್ಲ. ಶಾಲಾ ಬ್ಯಾಗು ರಿಪೇರಿ ಮಾಡುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಫ್ರೇಮಿನ ಮೇಲೆ ರಟ್ಟು ಹಿಡಿದು ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಒಳಗೆ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಕೊಡಿ. ಅಗಲ ಆರು ಸೆಂಟಿಮೀಟರ್ ಮೀರಿದರೆ ಮೊಣಕಾಲು ಉಜ್ಜುತ್ತದೆ. ಜಿಪ್ ದೊಡ್ಡ ಹಲ್ಲಿನದಿರಲಿ, ಸಣ್ಣದರೊಳಗೆ ನಮ್ಮ ಕೆಂಪು ಧೂಳು ಹೋದರೆ ಆ ಜಿಪ್ ಮತ್ತೆ ಸರಿಯುವುದಿಲ್ಲ. ಟಾರ್ಪಾಲು, ಪರದೆ ಸುರುಳಿ ಸುತ್ತಿ ನೀರು ತಡೆಯುವ ಚೀಲದಲ್ಲಿ ಹ್ಯಾಂಡಲ್‌ಗೆ ಕಟ್ಟಿ. ಬ್ರೇಕಿನ ಕೇಬಲ್ ಅದುಮದಂತೆ ನಡುವೆ ಫೋಮಿನ ತುಂಡು ಇಡಿ.

ಹಿಂದಿನ ಚೀಲ ಅಲ್ಲಾಡುವುದಕ್ಕೆ ಕಾರಣ ಹೆಚ್ಚಿನ ಸಲ ತುಂಬುವ ರೀತಿ. ಗಟ್ಟಿ ವಸ್ತುಗಳನ್ನು ಸೀಟಿನ ಕಂಬದ ಹತ್ತಿರ ಒತ್ತಿ ತುಂಬಿ, ಬಾಲದ ಕಡೆ ಬಟ್ಟೆ ಮಾತ್ರ ಬಿಟ್ಟು, ಗಾಳಿ ಪೂರ್ತಿ ಹೊರಡಿಸಿ ಪಟ್ಟಿ ಎಳೆಯಿರಿ. ಸೀಟಿನ ಕಂಬಕ್ಕೆ ಹಳೆಯ ಟ್ಯೂಬಿನ ತುಂಡು ಸುತ್ತಿದರೆ ಪಟ್ಟಿ ಜಾರುವುದಿಲ್ಲ. ಎಲ್ಲ ಕಟ್ಟಿದ ಮೇಲೆ ಸೈಕಲನ್ನು ಒಂದು ಅಡಿ ಎತ್ತಿ ನೆಲಕ್ಕೆ ಬಿಡಿ. ಬಿಚ್ಚಿಹೋಗುವುದು ಮನೆಯ ಮುಂದೆಯೇ ಬಿಚ್ಚಿಹೋಗಲಿ.

ಘಾಟಿ ಸುಬ್ರಹ್ಮಣ್ಯದ ದಾರಿಯಲ್ಲಿ ಹೋಗುವುದಾದರೆ ದನಗಳ ಜಾತ್ರೆಯ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಆಗ ರಸ್ತೆಯಲ್ಲಿ ಸೈಕಲ್ಲಿಗೂ ಜಾಗವಿರುವುದಿಲ್ಲ, ಆದರೆ ಎತ್ತುಗಳನ್ನು ನೋಡುವ ಮನಸ್ಸಿದ್ದರೆ ಆ ದಿನವೇ ಹೋಗಿ.