ಮೀನು ಬಿಡಬೇಡ, ಮೀನಿನ ಜೊತೆಗೇ ಸೊಪ್ಪು ಹಾಕು

ತಮ್ಮಾ, ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜು ಬೆಳಗ್ಗೆಯೇ ನೋಡಿದೆ. ಶಾಲೆ ಇತ್ತು, ಈಗ ಕೂತು ಬರೆಯುತ್ತಿದ್ದೇನೆ. ಮಾತಾಡಿಯೇ ಕಳಿಸೋಣ ಅಂದುಕೊಂಡೆ, ಆದರೆ ಕಾರವಾರದ ಮಳೆ ನಿನಗೆ ಗೊತ್ತಲ್ಲ, ತಗಡಿನ ಮೇಲೆ ಬಡಿಯುವ ಸದ್ದಿಗೆ ನನ್ನ ದನಿ ನನಗೇ ಕೇಳುವುದಿಲ್ಲ. ಉದ್ದ ಆಗುತ್ತದೆ, ಪೂರ್ತಿ ಓದು.

ನೀನು ಬರೆದದ್ದು ಇಷ್ಟು. ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆ ಲೆಕ್ಕ (HbA1c) 6.1 ಬಂದಿದೆ, ಡಾಕ್ಟರು ಅನ್ನ ಕಡಿಮೆ ಮಾಡಿ ತರಕಾರಿ ಜಾಸ್ತಿ ತಿನ್ನಿ ಅಂದಿದ್ದಾರೆ, ನಿನಗೆ ಚಿಕ್ಕಂದಿನಿಂದ ತರಕಾರಿ ಗಂಟಲಲ್ಲಿ ಇಳಿಯುವುದಿಲ್ಲ, ಮೀನು ಅನ್ನ ಇದ್ದರೆ ಬೇರೇನೂ ಬೇಡ, ಏನು ಮಾಡಲಿ ಅಂತ. ಅದಕ್ಕೆ ಭಾವ ಬೆಳಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ಜ್ಯೂಸ್ ಕುಡಿ ಅಂದರು. ದೊಡ್ಡಮ್ಮ ಔಷಧಿ ಅಂದುಕೊಂಡು ಮೂಗು ಮುಚ್ಚಿ ನುಂಗು ಅಂದರು. ಇಬ್ಬರೂ ನಿನ್ನ ಮೇಲಿನ ಪ್ರೀತಿಗೇ ಹೇಳಿದ್ದು. ಆದರೆ ನನಗೆ ಎರಡೂ ಸರಿ ಕಾಣಲಿಲ್ಲ.

ಮೊದಲು ಹೆದರಬೇಡ. 5.7ರಿಂದ 6.4ರ ಒಳಗೆ ಇದ್ದರೆ ಇನ್ನೂ ಸಕ್ಕರೆ ಕಾಯಿಲೆ ಆಗಿಲ್ಲ, ಹೊಸ್ತಿಲಲ್ಲಿ ನಿಂತ ಹಾಗೆ. ಹಿಂದೆ ಬರಲು ದಾರಿ ಇದೆ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ, ನಿನ್ನ ಮಗಳಿಗೆ ಇನ್ನೂ ಐದು ವರ್ಷ.

ಇನ್ನೊಂದು ಮಾತು. ನೀನು ತರಕಾರಿ ತಿನ್ನುವುದಿಲ್ಲ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಹೋದ ಶ್ರಾವಣದಲ್ಲಿ ಬಂದಾಗ ಪತ್ರೊಡೆ ಆರು ತುಂಡು ತಿಂದೆ, ಏಳನೆಯದು ಕೇಳಿದೆ. ಅದು ಕೆಸುವಿನ ಸೊಪ್ಪು ತಾನೇ? ಅಮ್ಮ ಶೆಟ್ಲಿ, ಅಂದರೆ ಸಿಗಡಿ, ಸಾರಿಗೆ ನುಗ್ಗೆಕಾಯಿ ಹಾಕಿದರೆ ನೀನು ಶೆಟ್ಲಿಗಿಂತ ಮೊದಲು ನುಗ್ಗೆಕಾಯಿ ಹುಡುಕುತ್ತಿದ್ದೆ. ಎಳೆ ಹಲಸಿನಕಾಯಿ ಪಲ್ಯ ಅಂದರೆ ಎರಡು ಸಲ ಬಡಿಸಿಕೊಳ್ಳುತ್ತೀ. ಹಾಗಾದರೆ ನಿನಗೆ ಆಗದೇ ಇರುವುದು ಯಾವುದು? ಬೆಂಡೆಯ ಲೋಳೆಯಾ, ಹಾಗಲದ ಕಹಿಯಾ, ಎಲೆಕೋಸಿನ ವಾಸನೆಯಾ, ಮೊಗೆಕಾಯಿ (ಮಂಗಳೂರು ಸೌತೆ) ಬೆಂದು ಮೆತ್ತಗೆ ಆಗುವುದಾ? ಇದನ್ನು ಕೂತು ಯೋಚನೆ ಮಾಡು. ಒಂದೊಂದಕ್ಕೂ ಬೇರೆ ಉಪಾಯ ಇದೆ. ಎಲ್ಲವನ್ನೂ ಸೇರಿಸಿ ತರಕಾರಿ ಆಗಲ್ಲ ಅಂದುಬಿಟ್ಟರೆ ಯಾರೂ ಏನೂ ಮಾಡುವುದಕ್ಕೆ ಆಗುವುದಿಲ್ಲ.

ನನಗೆ ಇದು ಗೊತ್ತಾದದ್ದು ಶಿರಸಿಯಲ್ಲಿ. ಮೊದಲು ನೌಕರಿ ಸಿಕ್ಕಿದ್ದು ಅಲ್ಲೇ ಅಲ್ವಾ, ಮೂರು ವರ್ಷ ಹವ್ಯಕರ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಆ ಮನೆಯಲ್ಲಿ ಮೀನು ತರುವ ಮಾತೇ ಇಲ್ಲ. ಮೊದಲ ಹದಿನೈದು ದಿನ ಅನ್ನ, ಮಜ್ಜಿಗೆ, ಅಪ್ಪೆಮಿಡಿ ಉಪ್ಪಿನಕಾಯಿ, ಅಷ್ಟೇ. ಶನಿವಾರ ಯಾವಾಗ ಬರುತ್ತದೆ, ದೇವಿಮನೆ ಘಟ್ಟ ಇಳಿದು ಯಾವಾಗ ಮನೆಗೆ ಹೋಗಿ ಬಂಗಡೆ ತಿನ್ನುತ್ತೇನೆ ಅಂತ ಕಾಯುತ್ತಿದ್ದೆ. ನಾನು ಸೊರಗಿದ್ದು ನೋಡಿ ಮನೆಯ ಅಮ್ಮ ಒಂದು ದಿನ ಒಂದೆಲಗದ ತಂಬುಳಿ ಕೊಟ್ಟರು. ಬೇಡ ಅನ್ನುವುದಕ್ಕೆ ಮನಸ್ಸು ಬರದೆ ಅನ್ನಕ್ಕೆ ಕಲಸಿದೆ. ತಂಪಾಗಿತ್ತು, ಹುಳಿ ಇತ್ತು, ಬಾಯಿಗೆ ತುಂಡು ಸಿಗಲಿಲ್ಲ, ಸೊಪ್ಪು ತಿನ್ನುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ನನಗೆ ಸೊಪ್ಪಿನಲ್ಲಿ ಆಗದೇ ಇದ್ದದ್ದು ರುಚಿ ಅಲ್ಲ, ಆ ನಾರು ನಾರಾದ ಎಲೆ ನಾಲಿಗೆಗೆ ಅಂಟುವುದು. ಇಪ್ಪತ್ತಾರು ವರ್ಷ ಅದು ನನಗೇ ಗೊತ್ತಿರಲಿಲ್ಲ.

ತಂಬುಳಿ ಮಾಡುವುದು ಹತ್ತು ನಿಮಿಷದ ಕೆಲಸ. ಒಂದು ಮುಷ್ಟಿ ಸೊಪ್ಪು, ಸ್ವಲ್ಪ ಜೀರಿಗೆ, ನಾಲ್ಕು ಕಾಳುಮೆಣಸು, ಇಷ್ಟನ್ನು ಒಂದು ಚಮಚ ತುಪ್ಪದಲ್ಲಿ ಬಾಡಿಸು. ಆರಿದ ಮೇಲೆ ಎರಡು ಚಮಚ ಕಾಯಿತುರಿ ಹಾಕಿ ನುಣ್ಣಗೆ ರುಬ್ಬು, ಮಜ್ಜಿಗೆ ಉಪ್ಪು ಸೇರಿಸು, ಮೇಲೆ ಒಂದು ಸಾಸಿವೆ ಒಗ್ಗರಣೆ. ಕುದಿಸಬಾರದು. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆ, ಅದೂ ಇಲ್ಲದಿದ್ದರೆ ಪಾಲಕ್. ಬೆಂಗಳೂರಿನಲ್ಲಿ ಪಾಲಕ್‌ಗೆ ಏನು ಬರ, ಅಲ್ವಾ?

ಈಗ ಮುಖ್ಯ ಮಾತು. ಮೀನು ಬಿಟ್ಟು ತರಕಾರಿ ತಿನ್ನುತ್ತೇನೆ ಅಂತ ಹೊರಡಬೇಡ. ಹಾಗೆ ಹೊರಟವರು ಎಂಟು ದಿನದಲ್ಲಿ ವಾಪಸ್ ಬರುತ್ತಾರೆ. ಮೀನು ನಿನಗೆ ಒಳ್ಳೆಯದೇ. ಜಾಸ್ತಿ ಆಗಿರುವುದು ತಟ್ಟೆಯ ಅನ್ನ. ಆದ್ದರಿಂದ ಮೀನಿನ ಮಸಾಲೆಯ ಒಳಗೇ ತರಕಾರಿ ಹಾಕು. ನಮ್ಮ ಕಡೆಯ ಹೆಂಗಸರು ಯಾವತ್ತಿನಿಂದಲೂ ಮಾಡಿಕೊಂಡು ಬಂದದ್ದು ಇದನ್ನೇ. ಬಸಳೆಗೆ ಶೆಟ್ಲಿ, ಹಲಸಿನ ಬೀಜಕ್ಕೆ ಒಣ ಶೆಟ್ಲಿ, ಮೊಗೆಕಾಯಿಗೂ ಒಣ ಶೆಟ್ಲಿ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಪೇಟೆಯಲ್ಲಿ ಮೀನು ಕಡಿಮೆ, ಸಿಕ್ಕಿದ್ದೂ ದುಬಾರಿ. ಆಗೆಲ್ಲ ಮಳೆಗಾಲದಲ್ಲಿ ಅಜ್ಜಿ ಬೇಸಿಗೆಯಲ್ಲಿ ಕಟ್ಟಿ ತೂಗುಹಾಕಿದ ಮೊಗೆಕಾಯಿ ಇಳಿಸಿ, ಒಂದು ಹಿಡಿ ಒಣ ಶೆಟ್ಲಿ ಹುರಿದು ಹಾಕುತ್ತಿದ್ದಳು. ಒಂದು ಹಿಡಿ ಮಾತ್ರ. ಇಡೀ ಪಾತ್ರೆ ಮೊಗೆಕಾಯಿಗೆ ಮೀನಿನ ರುಚಿ ಬರುತ್ತಿತ್ತು. ನೀನೂ ಅದನ್ನು ತಿಂದೇ ದೊಡ್ಡವನಾದದ್ದು.

ನೀನು ಅಲ್ಲಿ ಮಾಡಿಕೊಳ್ಳುವುದು ಹೀಗೆ. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಚೂರು ಅರಿಶಿನ, ನೀನು ಮೀನಿಗೆ ರುಬ್ಬುವ ಅದೇ ಮಸಾಲೆ. ಬಸಳೆಯ ದಂಟು ಎಲೆ ಎರಡೂ ಹಾಕಿ ಬೇಯಿಸು, ದಂಟು ಮೊದಲು, ಎಲೆ ಆಮೇಲೆ. ಮಸಾಲೆ ಕುದಿಯುವಾಗ ಶೆಟ್ಲಿ ಮತ್ತು ಎರಡು ಮುರುಗಲ (ಕೋಕಂ) ಸಿಪ್ಪೆ ಹಾಕು. ಬಸಳೆಯ ಲೋಳೆ ಆ ಹುಳಿಗೆ ಅಡಗುತ್ತದೆ. ಮೊದಲ ವಾರ ಶೆಟ್ಲಿ ಜಾಸ್ತಿ ಇರಲಿ, ಆಮೇಲೆ ನಿಧಾನಕ್ಕೆ ಬಸಳೆ ಜಾಸ್ತಿ ಮಾಡುತ್ತಾ ಹೋಗು.

ಬಂಗಡೆಗೆ ಹಚ್ಚುವ ಖಾರ ಇದೆಯಲ್ಲ, ಅದನ್ನೇ ಬದನೆ, ಬಾಳೆಕಾಯಿ, ಸುವರ್ಣಗಡ್ಡೆ, ನೀರಹಲಸಿನ ತೆಳು ಹೋಳುಗಳಿಗೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹುರಿ. ಕೊಂಕಣಿಯವರ ಮನೆಯಲ್ಲಿ ಫೋಡಿ ಅನ್ನುತ್ತಾರೆ. ಎಣ್ಣೆಯಲ್ಲಿ ಮುಳುಗಿಸಬೇಡ, ಕಾವಲಿಗೆ ಎರಡು ಚಮಚ ಸಾಕು. ಇದರಲ್ಲಿ ಬದನೆಗೆ ನನ್ನ ಓಟು, ಯಾಕೆಂದರೆ ಬಾಳೆಕಾಯಿ, ಗಡ್ಡೆ, ನೀರಹಲಸಿನಲ್ಲಿ ಪಿಷ್ಟ ಜಾಸ್ತಿ, ಅವನ್ನು ತಿಂದ ದಿನ ಅನ್ನ ಇನ್ನೂ ಕಡಿಮೆ ಇರಲಿ.

ಬೆಂಡೆಯದು ಸುಲಭ. ತೊಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೆಚ್ಚು. ಬಾಣಲೆ ಚೆನ್ನಾಗಿ ಕಾದಿರಲಿ, ಮುಚ್ಚಳ ಮುಚ್ಚಬೇಡ, ಉಪ್ಪು ಕೊನೆಗೆ.

ಎಲೆಕೋಸು, ಹೂಕೋಸು ನಿನಗೆ ಕಹಿ ಅನ್ನಿಸುತ್ತದೆ ಅಂತ ಹಿಂದೆ ಹೇಳಿದ್ದೆ, ಆಗ ಎಲ್ಲರೂ ನಿನಗೇ ಬೈದರು. ನಾನೂ ಬೈದೆ. ಅದು ತಪ್ಪಾಯಿತು ತಮ್ಮಾ. ಕಹಿ ಗೊತ್ತಾಗುವುದು ಎಲ್ಲರಿಗೂ ಒಂದೇ ರೀತಿ ಅಲ್ಲ, ಅದು ಹುಟ್ಟಿನಿಂದ ಬರುತ್ತದೆ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಅನ್ನುವ ರಸಾಯನ ವಿಜ್ಞಾನಿಯ ಕೈಯಲ್ಲಿದ್ದ ಒಂದು ಪುಡಿ ಗಾಳಿಗೆ ಹಾರಿತಂತೆ. ಜೊತೆಗಿದ್ದವರು ತುಂಬಾ ಕಹಿ ಅಂದರು, ಇವನಿಗೆ ಏನೂ ರುಚಿಯೇ ಇಲ್ಲ. ಅಲ್ಲಿಂದ ಶುರುವಾದ ಹುಡುಕಾಟ ಮುಂದೆ ಒಂದು ಜೀನ್‌ವರೆಗೆ ಹೋಯಿತು. ಎಲೆಕೋಸು, ಸಾಸಿವೆ ಜಾತಿಯ ತರಕಾರಿಯಲ್ಲಿ ಅದೇ ಥರದ ಕಹಿ ಇದೆ, ಕೆಲವರ ನಾಲಿಗೆಗೆ ಜೋರಾಗಿ ತಾಗುತ್ತದೆ. ಮಗಳು ಬಿಎಸ್ಸಿ ಓದುವಾಗ ಇದನ್ನು ಹೇಳಿದಳು, ಆವತ್ತು ನಿನ್ನ ನೆನಪಾಯಿತು. ಕಹಿಗೆ ಉಪ್ಪು ಮದ್ದು, ಉಪ್ಪು ಹಾಕಿದರೆ ನಾಲಿಗೆಗೆ ಕಹಿ ಕಡಿಮೆ ತಿಳಿಯುತ್ತದೆ. ಜೊತೆಗೆ ಕಾಯಿತುರಿ, ಹುಳಿ, ಒಂದು ಚೂರು ಬೆಲ್ಲ. ಎಲೆಕೋಸನ್ನು ಕುಕ್ಕರಿನಲ್ಲಿ ಮಾತ್ರ ಬೇಯಿಸಬೇಡ. ಹೆಚ್ಚು ಹೊತ್ತು ಬೆಂದಷ್ಟೂ ಗಂಧಕದ ವಾಸನೆ ಬಿಡುತ್ತದೆ. ಸಣ್ಣಗೆ ಹೆಚ್ಚಿ ನಾಲ್ಕೈದು ನಿಮಿಷ ಜೋರು ಉರಿಯಲ್ಲಿ ಬಾಡಿಸಿ ಇಳಿಸು. ಇಷ್ಟು ಮಾಡಿದ ಮೇಲೂ ಆಗದಿದ್ದರೆ ಎಲೆಕೋಸು ಬಿಟ್ಟುಬಿಡು, ಹೀರೆ, ಪಡವಲ, ತೊಂಡೆ, ಅಲಸಂದೆ ಎಷ್ಟೊಂದು ಇದೆ.

ಭಾವ, ಈಗ ನಿಮ್ಮ ಜ್ಯೂಸಿನ ವಿಷಯ, ಬೇಸರ ಮಾಡಿಕೊಳ್ಳಬೇಡಿ. ಸೋರೆಕಾಯಿ ಯಾವಾಗಲಾದರೂ ಕಹಿ ಬಂದರೆ ಅದು ವಿಷ. ಕಹಿ ಸೋರೆಕಾಯಿ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆದುಬಿಡಿ, ಬೇಯಿಸಿದರೂ ಅದು ಹೋಗುವುದಿಲ್ಲ. ಔಷಧಿ ಕಹಿ ಇರಲೇಬೇಕು ಅಂತ ಕಣ್ಣುಮುಚ್ಚಿ ಕುಡಿಯುವವರೇ ಅಪಾಯಕ್ಕೆ ಸಿಗುವುದು. ಸೋಸಿದ ರಸದಲ್ಲಿ ನಾರೂ ಉಳಿಯುವುದಿಲ್ಲ, ಇವನಿಗೆ ಬೇಕಾದದ್ದೇ ಆ ನಾರು. ದೊಡ್ಡಮ್ಮಾ, ನಿಮಗೂ ಒಂದು ಮಾತು. ನೀವು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತೀರಿ. ಅದು ವಾರ್ಫರಿನ್ ಆಗಿದ್ದರೆ ಇದನ್ನು ಓದಿ ಒಮ್ಮೆಲೇ ಸೊಪ್ಪು ಜಾಸ್ತಿ ಮಾಡಬೇಡಿ, ಮೊದಲು ಡಾಕ್ಟರನ್ನು ಕೇಳಿ.

ಎಷ್ಟು ತಿನ್ನಬೇಕು ಅಂತ ಕೇಳಿದ್ದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದು ದಿನಕ್ಕೆ ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ. ಅದು ಹಸಿ ತೂಕ. ದೊಡ್ಡ ಕಟ್ಟು ಹರಿವೆ ಬೆಂದರೆ ಒಂದು ಬಟ್ಟಲೂ ಆಗುವುದಿಲ್ಲ, ನೋಡಿದ್ದೀಯಲ್ಲ. ಬಟಾಟೆಯನ್ನು ಈ ಲೆಕ್ಕಕ್ಕೆ ಹಿಡಿಯಬೇಡ. ನಾಳೆಯೇ 400 ಮುಟ್ಟಬೇಕು ಅಂತಲೂ ಇಲ್ಲ. ಮಧ್ಯಾಹ್ನ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು, ಒಂದು ತಿಂಗಳು ಅಷ್ಟೇ ಮಾಡು. ಅನ್ನ ಬಡಿಸಿಕೊಳ್ಳುವ ಮೊದಲು ಆ ಬಟ್ಟಲು ಖಾಲಿ ಮಾಡು. ತರಕಾರಿ ಮೊದಲು, ಅನ್ನ ಆಮೇಲೆ ತಿಂದರೆ ಊಟ ಆದ ಮೇಲೆ ಸಕ್ಕರೆ ಏರುವುದು ಕಡಿಮೆ. ಹಸಿವು ಜೋರಾಗಿದ್ದಾಗ ಬೆಂಡೆಯೂ ರುಚಿ, ಅದೂ ಒಂದು ಅನುಕೂಲ.

ಒಂದು ಸಲ ತಿಂದು ಆಗಲಿಲ್ಲ ಅಂತ ಬಿಡಬೇಡ. ಮಕ್ಕಳಿಗೆ ಹೊಸ ತರಕಾರಿ ಒಗ್ಗಬೇಕಾದರೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಕೊಡಬೇಕು, ನನ್ನ ಇಬ್ಬರಲ್ಲೂ ನೋಡಿದ್ದೇನೆ. ದೊಡ್ಡವರ ನಾಲಿಗೆಯೂ ಬೇರೆ ಅಲ್ಲ. ನನಗೆ ಹಾಗಲಕಾಯಿ ಗೊಜ್ಜು ಹಿಡಿಸಿದ್ದು ಶಿರಸಿಗೆ ಹೋದ ಎರಡನೇ ವರ್ಷ. ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಇಟ್ಟು, ಹಿಂಡಿ, ಹುಣಸೆ ಬೆಲ್ಲದಲ್ಲಿ ಗಟ್ಟಿಯಾಗಿ ಕುದಿಸುತ್ತಿದ್ದರು. ನೀನು ಮಾಡುವಾಗ ಬೆಲ್ಲ ನೆಪಕ್ಕೆ ಮಾತ್ರ ಹಾಕು. ಇನ್ನು ನಿನ್ನ ಮಗಳು. ಅವಳೂ ಈಗ ತಟ್ಟೆಯ ಅಂಚಿಗೆ ಬೀನ್ಸ್ ಸರಿಸಿಡುತ್ತಾಳೆ, ಹೋದ ಸಲ ನೋಡಿದೆ. ಎಡಗೈಯಿಂದ ತಟ್ಟೆ ತಿರುಗಿಸಿಕೊಂಡು ಸರಿಸುವ ರೀತಿಯೂ ಥೇಟ್ ನಿನ್ನದೇ. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಅವಳಿಗೆ ಏನೂ ಹೇಳಬೇಡ, ಅವಳ ಎದುರು ಕೂತು ನೀನು ತಿನ್ನು.

ಭಾನುವಾರದ ಸಂತೆಗೆ ಹೋಗಿದ್ದೆ. ಅಂಕೋಲೆ ಕಡೆಯ ಹಾಲಕ್ಕಿ ಅಮ್ಮ ಇದ್ದಾರಲ್ಲ, ನಮ್ಮ ಅಮ್ಮ ಯಾವಾಗಲೂ ಸೊಪ್ಪು ಕೊಳ್ಳುತ್ತಿದ್ದವರು, ಅವರ ಹತ್ತಿರ ಬಸಳೆ ತಂದೆ. ಊಟಕ್ಕೆ ಎಲೆ ತೆಗೆದುಕೊಂಡು, ಗಟ್ಟಿ ದಂಟು ನಾಲ್ಕು ತುಂಡು ನಿನಗೆ ಅಂತ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಬಾಲ್ಕನಿಯ ಕುಂಡದಲ್ಲಿ ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಊರು, ಒಂದು ಹಗ್ಗ ಕಟ್ಟು, ತಾನೇ ಹಬ್ಬುತ್ತದೆ. ಮಗಳ ಕೈಯಲ್ಲೇ ನೆಡಿಸು. ಜೊತೆಗೆ ಅರ್ಧ ಕಿಲೋ ಒಣ ಶೆಟ್ಲಿ, ಮುರುಗಲ ಸಿಪ್ಪೆ, ಎರಡು ಮೊಗೆಕಾಯಿ. ನಾಳೆ ರಾತ್ರಿ ಬಸ್ಸಿಗೆ ಕೊಡುತ್ತೇನೆ, ಬೆಳಗ್ಗೆ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿಸಿಕೋ. ಡ್ರೈವರ್ ನಂಬರ್ ಇಲ್ಲಿ ಹಾಕುವುದಿಲ್ಲ, ನಿನಗೇ ಬೇರೆ ಕಳಿಸುತ್ತೇನೆ. ಶೆಟ್ಲಿಯ ತಲೆ ಬಾಲ ತೆಗೆದಿಲ್ಲ, ಹುರಿಯುವ ಮೊದಲು ತೆಗೆ.